ಖಾಲಿ ಬಿಟ್ಟ ಒಂದು ಕಾಲಂ

ಎರಡು ವರ್ಷಗಳಿಂದ ನನ್ನ ಓದುವ ಮೇಜಿನ ಮೇಲೆ ಒಂದು ಹಾಳೆಯ ನಕಲು ಪ್ರತಿ ಇದೆ. 1870ರ ಅಮೆರಿಕದ ಜನಗಣತಿಗೆ ಸೇರಿದ ಹಾಳೆ ಅದು. ಕ್ಯಾನ್ಸಸ್ ರಾಜ್ಯದ ಮಾಂಟ್‌ಗೊಮರಿ ಕೌಂಟಿಯ ರಟ್ಲೆಂಡ್ ಟೌನ್‌ಶಿಪ್‌ನಲ್ಲಿ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಮನೆಯಿಂದ ಮನೆಗೆ ತಿರುಗಿದ ಗಣತಿದಾರನೊಬ್ಬನ ಕೈಬರಹ ಅದರ ಮೇಲಿದೆ. ಒಂದು ಸಾಲಿನಲ್ಲಿ ಚಾರ್ಲ್ಸ್ ಇಂಗಲ್ಸ್ ಎಂಬ ಬಡಗಿಯ ಕುಟುಂಬವಿದೆ. ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯ ಎಲ್ಲವನ್ನೂ ಗಣತಿದಾರ ತುಂಬಿದ್ದಾನೆ. ಜಮೀನಿನ ಬೆಲೆ ಬರೆಯಬೇಕಾದ ಕಾಲಂ ಮಾತ್ರ ಖಾಲಿ. ಅದು ಅವಸರದಲ್ಲಿ ಬಿಟ್ಟುಹೋದದ್ದಲ್ಲ. ಈ ಜಮೀನು ಒಸೇಜ್ ಇಂಡಿಯನ್ನರಿಗೆ (ಅಮೆರಿಕದ ಮೂಲನಿವಾಸಿಗಳ ಒಂದು ಬುಡಕಟ್ಟಿಗೆ) ಸೇರಿದ್ದು, ಇಲ್ಲಿ ಬಂದು ನೆಲೆಸಿದವರಿಗೆ ಇದರ ಮೇಲೆ ಯಾವ ಹಕ್ಕೂ ಇಲ್ಲ ಎಂದು ಆತ ಷರಾ ಬರೆದಿದ್ದಾನೆ. ಹತ್ತೊಂಬತ್ತನೇ ಶತಮಾನದ ಒಬ್ಬ ಸಾಮಾನ್ಯ ವಲಸಿಗನ ಮನೆತನವನ್ನು ಹುಡುಕುತ್ತ ಹೋದ ನನಗೆ ಸಿಕ್ಕ ನೂರಾರು ಹೆಸರು, ತಾರೀಖುಗಳಲ್ಲಿ ಬಹಳಷ್ಟು ಈಗ ಮರೆತುಹೋಗಿವೆ. ಈ ಖಾಲಿ ಜಾಗ ಮಾತ್ರ ಮರೆಯುತ್ತಿಲ್ಲ.

ಹುಡುಕಾಟ ಶುರುವಾದದ್ದು ಮಗಳ ಶಾಲೆಯ ಕೆಲಸದಿಂದ. ನಾವು ಮಿನೆಸೋಟಾದಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು. ರಾಜ್ಯದ ದಕ್ಷಿಣ ಭಾಗವನ್ನು ಅಡ್ಡಹಾಯ್ದು ಪಶ್ಚಿಮದ ಸೌತ್ ಡಕೋಟಾಕ್ಕೆ ಹೋಗುವ 14ನೇ ನಂಬರಿನ ಹೆದ್ದಾರಿಯಲ್ಲಿ ವಾಲ್ನಟ್ ಗ್ರೋವ್, ಡಿ ಸ್ಮೆಟ್ ಎಂಬ ಎರಡು ಸಣ್ಣ ಊರುಗಳಿವೆ, ಎರಡರಲ್ಲೂ ಚಾರ್ಲ್ಸ್ ಇಂಗಲ್ಸ್ ಬಾಳಿದ್ದ. ಅವನ ಎರಡನೆಯ ಮಗಳು ಲಾರಾ ತನ್ನ 65ನೇ ವಯಸ್ಸಿನಲ್ಲಿ ಬಾಲ್ಯದ ಕಥೆಯ ಮೊದಲ ಕಾದಂಬರಿಯನ್ನು ಪ್ರಕಟಿಸಿ ಲೋಕಪ್ರಸಿದ್ಧಳಾದದ್ದರಿಂದ ಆ ಅಪ್ಪನ ಹೆಸರೂ ಇಲ್ಲಿನ ಪ್ರತಿ ಮಗುವಿಗೆ ಗೊತ್ತು. ಶಾಲೆಯಲ್ಲಿ ವಂಶವೃಕ್ಷದ ಪಾಠ ನಡೆಯುತ್ತಿದ್ದಾಗ ಮಗಳು ಕೇಳಿದಳು, "ಅಮ್ಮ, ಲಾರಾಳ ಅಪ್ಪನ ಅಪ್ಪ ಯಾರು? ಅವರಿಗೂ ಒಂದು ಊರು ಅಂತ ಇರಬೇಕಲ್ಲ?" ನನಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಅವಳು ಮಲಗಿದ ಮೇಲೆ ಹುಡುಕಲು ಕುಳಿತವಳು ಎರಡು ವರ್ಷ ಎದ್ದಿಲ್ಲ ಎಂದೇ ಹೇಳಬೇಕು.

ಮಗಳ ಪ್ರಶ್ನೆ ನನ್ನಲ್ಲಿ ಅಷ್ಟು ಆಳಕ್ಕೆ ಇಳಿಯಲು ಒಂದು ಹಳೆಯ ಕಾರಣವಿತ್ತು. ನನ್ನ ತಾಯಿಯ ತವರು ಬಾಗಲಕೋಟೆ ಕಡೆಯ ಹಳ್ಳಿ. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಅಲ್ಲಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು, ದೊಡ್ಡ ಗಂಟೆ ಬಾರಿಸುತ್ತ, ಇನ್ನೂ ಬೆಳಕು ಹರಿಯುವ ಮುಂಚೆಯೇ ಅಂಗಳದಲ್ಲಿ ನಿಂತು ಮನೆತನದ ಹೆಸರು ಹೇಳಲು ತೊಡಗಿದರೆ, ಅಜ್ಜ ಮುಂಡಾಸು ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೈಮುಗಿದು ಕೂಡುತ್ತಿದ್ದರು. ಮೂಲಪುರುಷ ಯಾವ ಊರಿನಿಂದ ಬಂದ, ಅವನಿಗೆಷ್ಟು ಗಂಡುಮಕ್ಕಳು, ಯಾವ ಕವಲು ಯಾವ ಊರಿಗೆ ಹೋಯಿತು ಎಂಬುದೆಲ್ಲ ಆ ಒಂದೇ ಉಸಿರಿನ ಹಾಡಿನಲ್ಲಿ ಬರುತ್ತಿತ್ತು. ಅಮೆರಿಕದ ವಲಸಿಗನಿಗೆ ಹೆಳವನಿಲ್ಲ. ಅವನ ಮನೆತನವನ್ನು ಹೇಳುವುದು ಕಾಗದಗಳು, ಅದರಲ್ಲೂ ಜಮೀನಿನ ಕಾಗದಗಳು.

ಹಿಂದಕ್ಕೆ ಹೋದ ದಾರಿ

ಹಿಂದಕ್ಕೆ ಹೋಗುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಚಾರ್ಲ್ಸ್ ಹುಟ್ಟಿದ್ದು 1836ರ ಜನವರಿ 10ರಂದು, ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರಿನಲ್ಲಿ. ತಂದೆ ಲ್ಯಾನ್ಸ್‌ಫರ್ಡ್ ಇಂಗಲ್ಸ್ ಕೆನಡಾದಲ್ಲಿ ಹುಟ್ಟಿದವನು, ತಾಯಿ ಲಾರಾ ಕೋಲ್ಬಿ. ಅಜ್ಜಿ ಮಾರ್ಗರೆಟ್ ಡೆಲಾನೊ. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ ಅವರ ತಾಯಿಯ ಮನೆತನವೂ ಅದೇ. ಇಂಗಲ್ಸ್ ಮನೆತನದ ಮೂಲಪುರುಷ ಎಡ್ಮಂಡ್ ಇಂಗಲ್ಸ್ ಇಂಗ್ಲೆಂಡಿನ ಲಿಂಕನ್‌ಶೈರ್‌ನಿಂದ ಬಂದು 1629ರಲ್ಲಿ ಮ್ಯಾಸಚೂಸೆಟ್ಸ್‌ನ ಲಿನ್ ಎಂಬಲ್ಲಿ ನೆಲೆಸಿದ, ಮುರಿದ ಸೇತುವೆಯೊಂದರ ದೆಸೆಯಿಂದ ಕುದುರೆಸಮೇತ ಹೊಳೆಗೆ ಬಿದ್ದು ಸತ್ತ. ಅವನ ಮಗಳು ಫೇತ್, ಅವಳ ಮಗಳು ಮಾರ್ಥಾ ಕ್ಯಾರಿಯರ್. ಈ ಮಾರ್ಥಾಳನ್ನು ಮಾಟಗಾತಿಯೆಂದು ಸೇಲಂನಲ್ಲಿ 1692ರ ಆಗಸ್ಟ್ 19ರಂದು ಗಲ್ಲಿಗೇರಿಸಿದರು. ಚಾರ್ಲ್ಸ್ ಬಂದದ್ದು ಎಡ್ಮಂಡನ ಮಗ ಹೆನ್ರಿಯ ಕವಲಿನಿಂದ.

ಇಷ್ಟೆಲ್ಲ ಸಿಗುವುದಕ್ಕೆ ಕಾರಣ ಸರಳ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಊರುಗಳು ಹುಟ್ಟು, ಮದುವೆ, ಸಾವುಗಳನ್ನು ಆರಂಭದಿಂದಲೂ ಬರೆದಿಟ್ಟುಕೊಂಡಿವೆ, ಚರ್ಚುಗಳು ಬರೆದಿಟ್ಟಿವೆ, ಉಯಿಲುಗಳು ಉಳಿದಿವೆ. ನಿಜವಾದ ಕಷ್ಟ ಆರಂಭವಾಗುವುದು ಕುಟುಂಬ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಮೇಲೆ. 1850ಕ್ಕಿಂತ ಮುಂಚಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ, ಮಕ್ಕಳು, ಆಶ್ರಯಕ್ಕೆ ಬಂದ ಮುದುಕಿ ಎಲ್ಲರೂ ಬರಿಯ ಎಣಿಕೆ. 1850ರಲ್ಲಿ ಮೊದಲ ಬಾರಿಗೆ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದರು. ಗುಲಾಮರಾಗಿದ್ದವರನ್ನು ಆಗಲೂ ಬೇರೆ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು, ಲಿಂಗ, ಮೈಬಣ್ಣ ಎಂದಷ್ಟೇ ಬರೆದರು. ಯಾರ ಮನೆತನವನ್ನು ಹುಡುಕಲು ಸಾಧ್ಯ, ಯಾರದನ್ನು ಸಾಧ್ಯವಿಲ್ಲ ಎಂಬುದು ಆ ಫಾರಂ ಅಚ್ಚಾದ ದಿನವೇ ಅರ್ಧ ತೀರ್ಮಾನವಾಗಿಹೋಗಿತ್ತು.

ಇಂಗಲ್ಸರು ನ್ಯೂಯಾರ್ಕ್ ಬಿಟ್ಟು ಇಲಿನಾಯ್‌ಗೂ ಅಲ್ಲಿಂದ ವಿಸ್ಕಾನ್ಸಿನ್‌ಗೂ ಬಂದರು. ಅಲ್ಲಿ ನೆರೆಯವರಾಗಿದ್ದ ಕ್ವೈನರ್ ಮನೆತನದೊಡನೆ ಮೂರು ಸಂಬಂಧ ಬೆಳೆಯಿತು. ಚಾರ್ಲ್ಸ್ ಕ್ಯಾರೊಲಿನಳನ್ನು 1860ರ ಫೆಬ್ರವರಿ 1ರಂದು ಮದುವೆಯಾದ. ಅವನ ಅಣ್ಣ ಪೀಟರ್ ಅವಳ ತಂಗಿ ಎಲೈಜಾಳನ್ನು ತಂದುಕೊಂಡ, ತಂಗಿ ಪೊಲ್ಲಿಯನ್ನು ಅವಳ ಅಣ್ಣ ಹೆನ್ರಿಗೆ ಕೊಟ್ಟರು. ಕೊಟ್ಟು ತಂದುಕೊಳ್ಳುವ ಸಂಬಂಧಗಳನ್ನು ನೋಡಿಯೇ ಬೆಳೆದ ನನಗೆ ಈ ಸಾಲುಗಳು ಬಹಳ ಪರಿಚಿತವೆನಿಸಿದವು. ಹೊಸ ನಾಡಿಗೆ ಹೋದವರು ಒಂಟಿಯಾಗಿ ಹೋದರು ಎಂಬ ಕಥೆ ಇಲ್ಲಿ ಬಹಳ ಪ್ರೀತಿಯ ಕಥೆ. ಕಾಗದಗಳು ಬೇರೆಯದನ್ನೇ ಹೇಳುತ್ತವೆ. ಅವರು ಬೀಗರ ಜೊತೆ ಹೋದರು, ಬೀಗರ ಜೊತೆ ಪಾಲಿನಲ್ಲಿ ಜಮೀನು ಕೊಂಡರು, ಕಷ್ಟ ಬಂದಾಗ ಬೀಗರ ಮನೆಗೇ ಮರಳಿದರು.

ಕಷ್ಟ ಬರೆಸಿದ ಕಾಗದಗಳು

ಸುಖವಾಗಿದ್ದ ವರ್ಷಗಳು ಕಾಗದದಲ್ಲಿ ಕಾಣುವುದಿಲ್ಲ ಎಂಬುದು ಈ ಹುಡುಕಾಟದಲ್ಲಿ ನನಗೆ ಬಹುಬೇಗ ತಿಳಿದ ಸಂಗತಿ. ಚಾರ್ಲ್ಸ್ ಪಿಟೀಲು ನುಡಿಸುತ್ತಿದ್ದ. ಆ ಪಿಟೀಲು ಇಂದೂ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅವನು ಯಾವ ಸಂಜೆ ಏನು ನುಡಿಸಿದ ಎಂಬುದಕ್ಕೆ ಸರ್ಕಾರಿ ದಾಖಲೆ ಇರುವುದಿಲ್ಲ. ಅವನು ಸಾಲ ಮಾಡಿದಾಗ, ಮಾರಿದಾಗ, ಬಿಟ್ಟು ಹೊರಟಾಗ, ಕೈಚಾಚಿದಾಗ ಮಾತ್ರ ಅವನ ಹೆಸರು ದಾಖಲೆಗೆ ಏರುತ್ತದೆ. 1868ರಲ್ಲಿ ವಿಸ್ಕಾನ್ಸಿನ್‌ನ ಪೆಪಿನ್ ಬಳಿಯ ಜಮೀನನ್ನು ಒಬ್ಬ ಸ್ವೀಡಿಷ್ ವಲಸಿಗನಿಗೆ ಕಂತಿನ ಮೇಲೆ ಮಾರಿ ಮಿಸೌರಿಗೆ ಹೋದದ್ದು, ಅಲ್ಲಿಂದ ಕ್ಯಾನ್ಸಸ್‌ಗೆ ಇಳಿದದ್ದು, ಕೊಂಡವನಿಗೆ ಹಣ ಕಟ್ಟಲಾಗದೆ 1871ರಲ್ಲಿ ಪೆಪಿನ್‌ಗೆ ಮರಳಿದ್ದು, 1874ರಲ್ಲಿ ಮಿನೆಸೋಟಾದ ವಾಲ್ನಟ್ ಗ್ರೋವ್‌ಗೆ ಬಂದದ್ದು ಎಲ್ಲವೂ ನಮಗೆ ಗೊತ್ತಿರುವುದು ಇಂಥ ವ್ಯವಹಾರಗಳಿಂದ.

ವಾಲ್ನಟ್ ಗ್ರೋವ್‌ನಲ್ಲಿ ಅವನು ಗೋಧಿ ಬಿತ್ತಿದ. ಮಿಡತೆ ಬಂದವು. 1873ರಿಂದ 1877ರವರೆಗೆ ರಾಕಿ ಪರ್ವತದ ಮಿಡತೆಗಳು ಮಿನೆಸೋಟಾದ ಬೆಳೆಯನ್ನು ವರ್ಷ ವರ್ಷವೂ ತಿಂದವು. ಒಂದು ವರ್ಷ ಬಂದು ನೆಲದಲ್ಲಿ ಮೊಟ್ಟೆಯಿಟ್ಟು ಹೋದರೆ ಮರುವರ್ಷ ಅದೇ ಹೊಲದಿಂದಲೇ ಮರಿಗಳು ಏಳುತ್ತಿದ್ದವು. 1875ರ ಚಳಿಗಾಲದ ಹೊಸ್ತಿಲಲ್ಲಿ ಚಾರ್ಲ್ಸ್ ಕೌಂಟಿಯ ಅಧಿಕಾರಿಗಳ ಮುಂದೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ. ತಾನು ಸಂಪೂರ್ಣ ನಿರ್ಗತಿಕನೆಂದು ಪ್ರಮಾಣ ಮಾಡಿದರೆ ಮಾತ್ರ ಪರಿಹಾರದ ಹಿಟ್ಟು ಸಿಗುತ್ತಿತ್ತು. ಸಿಕ್ಕದ್ದು ಎರಡು ಅರ್ಧ ಪೀಪಾಯಿ ಹಿಟ್ಟು. ಮೂವರು ಹೆಣ್ಣುಮಕ್ಕಳು, ಹೊಸದಾಗಿ ಹುಟ್ಟಿದ ಒಬ್ಬ ಮಗ, ಬಾಣಂತಿ ಹೆಂಡತಿ ಮನೆಯಲ್ಲಿದ್ದರು. ಮಗಳು ಮುಂದೆ ಬರೆದ ಕಾದಂಬರಿಗಳಲ್ಲಿ ಅಪ್ಪ ಯಾರ ಹಂಗಿಗೂ ಬೀಳದ ಸ್ವಾವಲಂಬಿ. ಈ ಸಹಿ ಅಲ್ಲಿಲ್ಲ. ಅವಳು ಸುಳ್ಳು ಬರೆದಳೆಂದು ನಾನು ಹೇಳಲಾರೆ. ಅಪ್ಪನ ಮೇಲಿನ ಗೌರವಕ್ಕಾಗಿ ಎಷ್ಟೋ ಮಾತನ್ನು ನುಂಗಿಕೊಂಡ ಹೆಣ್ಣುಮಕ್ಕಳನ್ನು ನಾನೂ ಕಂಡಿದ್ದೇನೆ. ಆದರೆ ಆ ಸಹಿಯನ್ನು ಅರಿತ ಮೇಲೆ ಚಾರ್ಲ್ಸ್ ನನಗೆ ಹೆಚ್ಚು ಹತ್ತಿರದವನಾದ.

ಆ ಮಗನ ಹೆಸರು ಚಾರ್ಲ್ಸ್ ಫ್ರೆಡರಿಕ್, ಮನೆಯಲ್ಲಿ ಫ್ರೆಡ್ಡಿ. 1875ರ ನವೆಂಬರ್ 1ರಂದು ಹುಟ್ಟಿದವನು, 1876ರ ಆಗಸ್ಟ್ 27ರಂದು ತೀರಿಕೊಂಡ. ಜಮೀನು ಮಾರಿ ಅಯೋವಾದ ಬರ್ ಓಕ್‌ಗೆ ಹೋಗುವ ದಾರಿಯಲ್ಲಿ, ಪೂರ್ವ ಮಿನೆಸೋಟಾದ ಸೌತ್ ಟ್ರಾಯ್ ಬಳಿ ಪೀಟರ್ ದೊಡ್ಡಪ್ಪನ ಮನೆಯಲ್ಲಿ ಕುಟುಂಬ ತಂಗಿದ್ದಾಗ ಇದು ನಡೆಯಿತು. ಅವನ ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಕಾದಂಬರಿಗಳಲ್ಲಿ ಅವನೂ ಇಲ್ಲ, ಬರ್ ಓಕ್‌ನ ವರ್ಷವೂ ಇಲ್ಲ.

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಮಗಳನ್ನು ಕರೆದುಕೊಂಡು ನಾನು ಸೌತ್ ಟ್ರಾಯ್‌ಗೆ ಹೋಗಿದ್ದೆ. ಹುಡುಕಿ ಸಿಗುವಂಥದ್ದು ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೇ ಹೋದೆ. ನಾಲ್ಕು ರಸ್ತೆ ಕೂಡುವ ಜಾಗ, ಒಣಗಿ ಕೊಯ್ಲಿಗೆ ನಿಂತ ಮೆಕ್ಕೆಜೋಳದ ಹೊಲ, ದೂರದಲ್ಲಿ ಎರಡು ಮನೆ. ಮಗಳು ರಸ್ತೆಯಂಚಿನ ಹುಲ್ಲಿನಲ್ಲಿ ನಡೆಯುತ್ತ, "ಕಲ್ಲು ಇಟ್ಟಿರ್ತಾರೆ ಅಲ್ವಾ ಅಮ್ಮ, ಚಿಕ್ಕದಾದರೂ?" ಎಂದು ಕೇಳಿದಳು. ಗಾಡಿಯಲ್ಲಿ ಹೋಗುವವರು ಕಲ್ಲು ಕೆತ್ತಿಸಲು ನಿಲ್ಲುತ್ತಿರಲಿಲ್ಲ, ಮರದ ಹಲಗೆ ನೆಡುತ್ತಿದ್ದರೇನೋ ಎಂದೆ. ಮರದ ಹಲಗೆ ಎಷ್ಟು ವರ್ಷ ಇರುತ್ತದೆ ಎಂದು ಅವಳು ಮತ್ತೆ ಕೇಳಿದಳು. ಗಾಳಿಗೆ ಜೋಳದ ಒಣಗಿದ ಎಲೆಗಳು ಒಂದಕ್ಕೊಂದು ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕ್ಯಾರೊಲಿನ್ ಮತ್ತೆ ಗರ್ಭ ಧರಿಸಿದ್ದು ಆ ಸಾವಿನ ಆಸುಪಾಸಿನ ದಿನಗಳಲ್ಲೇ ಇರಬೇಕು, ಕೊನೆಯ ಮಗಳು ಗ್ರೇಸ್ ಹುಟ್ಟಿದ್ದು 1877ರ ಮೇ 23ರಂದು, ಎಂದು ನಾನು ಬೆರಳೆಣಿಸುತ್ತ ನಿಂತಿದ್ದೆ. ತಾರೀಖುಗಳ ನಡುವಿನ ತಿಂಗಳುಗಳನ್ನು ಎಣಿಸುವುದು ವಂಶಾವಳಿ ಹುಡುಕುವವರಿಗೆ ಅಂಟುವ ಅಭ್ಯಾಸ. ಅಂದು ಅಲ್ಲಿ ಆ ಎಣಿಕೆಯನ್ನು ಮುಂದುವರಿಸಲಾಗಲಿಲ್ಲ.

ಡಿ ಸ್ಮೆಟ್‌ನ ಹಕ್ಕುಪತ್ರ

ಚಾರ್ಲ್ಸ್‌ಗೆ ಕೊನೆಗೂ ತನ್ನದೆನ್ನುವ ಜಮೀನು ದಕ್ಕಿದ್ದು ಡಕೋಟಾದಲ್ಲಿ. 1879ರಲ್ಲಿ ರೈಲ್ವೆ ಹಾಸುವವರ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಹೋದವನು, 1880ರ ಫೆಬ್ರವರಿಯಲ್ಲಿ ಬ್ರೂಕಿಂಗ್ಸ್‌ನ ಭೂ ಕಚೇರಿಯಲ್ಲಿ ಡಿ ಸ್ಮೆಟ್ ಬಳಿಯ ಕಾಲುಭಾಗ ಸೆಕ್ಷನ್ನಿಗೆ ಅರ್ಜಿ ಹಾಕಿದ. ಆರು ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ, ಅದರ ಕಾಲುಭಾಗ 160 ಎಕರೆ. ಈ ಲೆಕ್ಕ ಗೊತ್ತಿದ್ದರೆ ಯಾವ ವಲಸಿಗನ ಹೊಲವನ್ನಾದರೂ ಇಂದಿಗೂ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿ, ಮನೆ ಕಟ್ಟಿದ್ದನ್ನೂ ಉತ್ತದ್ದನ್ನೂ ಇಬ್ಬರು ಸಾಕ್ಷಿಗಳ ಮೂಲಕ ಸಾಬೀತುಪಡಿಸಿದರೆ ಹಕ್ಕುಪತ್ರ ಬರುತ್ತಿತ್ತು. ಚಾರ್ಲ್ಸ್ 1886ರಲ್ಲಿ ಅದನ್ನು ಸಾಬೀತುಪಡಿಸಿದ. ಇಂಥ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಮನೆಗೆ ಎಷ್ಟು ಬಾಗಿಲು, ಎಷ್ಟು ಎಕರೆ ಉತ್ತಿದ್ದಾನೆ, ಎಷ್ಟು ದಿನ ಮನೆ ಬಿಟ್ಟು ಹೋಗಿದ್ದ ಎಂಬ ವಿವರಗಳನ್ನು ಸಾಕ್ಷಿಗಳ ಬಾಯಿಂದ ಬರೆಸಿಕೊಂಡ ಈ ಮಹಜರುಗಳಷ್ಟು ಜೀವಂತ ದಾಖಲೆಯನ್ನು ನಾನು ಬೇರೆ ಕಂಡಿಲ್ಲ. ಸುಮಾರು 16 ಲಕ್ಷ ಹಕ್ಕುಪತ್ರಗಳು, 27 ಕೋಟಿ ಎಕರೆ, ದೇಶದ ನೆಲದ ಹತ್ತನೇ ಒಂದು ಪಾಲು ಈ ಕಾಯ್ದೆಯಡಿ ಹಂಚಿಹೋಯಿತು. ಇಂದು ಅಮೆರಿಕದಲ್ಲಿ ತಮ್ಮ ಮುತ್ತಜ್ಜನನ್ನು ಹುಡುಕುವ ಲಕ್ಷಾಂತರ ಜನ ಮೊದಲು ತೆರೆಯುವುದು ಇದೇ ಕಡತಗಳನ್ನು. 1890ರ ಜನಗಣತಿಯ ಹಾಳೆಗಳು 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿಗೆ ಸಿಕ್ಕು ಹೆಚ್ಚುಕಡಿಮೆ ಪೂರ್ತಿ ಹಾಳಾದದ್ದರಿಂದ ಭೂದಾಖಲೆಯ ಬೆಲೆ ಇನ್ನೂ ಹೆಚ್ಚಿದೆ.

ಡಿ ಸ್ಮೆಟ್‌ನ ಆ ಹೊಲದಂಚಿನಲ್ಲಿ ಚಾರ್ಲ್ಸ್ ನೆಟ್ಟ ಕಾಟನ್‌ವುಡ್ ಮರಗಳಲ್ಲಿ ಕೆಲವು ಈಗಲೂ ನಿಂತಿವೆ. ತೊಗಟೆ ನನ್ನ ಅಂಗೈ ಹಿಡಿಸುವಷ್ಟು ಆಳವಾಗಿ ಸೀಳಿದೆ. ಅವನು 1902ರಲ್ಲಿ ತೀರಿಕೊಂಡ. ಊರಾಚೆಯ ದಿಬ್ಬದ ಸ್ಮಶಾನದಲ್ಲಿ ಅವನು, ಕ್ಯಾರೊಲಿನ್, 1879ರಲ್ಲಿ ದೃಷ್ಟಿ ಕಳೆದುಕೊಂಡ ಹಿರಿಯ ಮಗಳು ಮೇರಿ, ಕಿರಿಯ ಮಕ್ಕಳಾದ ಕ್ಯಾರಿ, ಗ್ರೇಸ್ ಎಲ್ಲರೂ ಇದ್ದಾರೆ. ಲಾರಾಳ ಹೆಸರಿಡದ ಗಂಡುಕೂಸಿನ ಸಮಾಧಿಯೂ ಅಲ್ಲೇ ಇದೆ. ಮೇರಿ, ಕ್ಯಾರಿ, ಗ್ರೇಸ್ ಮೂವರಿಗೂ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಲಾರಾಳ ಮಗಳು ರೋಸ್ 1968ರಲ್ಲಿ ತೀರಿಕೊಂಡ ಮೇಲೆ ಚಾರ್ಲ್ಸ್‌ನ ಕುಡಿ ನಿಂತಿತು. ಅವನ ವಂಶವನ್ನು ಹುಡುಕುವವರಲ್ಲಿ ಅವನ ವಂಶದವರು ಒಬ್ಬರೂ ಇಲ್ಲ, ಎಲ್ಲರೂ ನನ್ನಂಥ ಹೊರಗಿನವರು.

ಬಗರ್ ಹುಕುಂ

ಈಗ ಆ ಖಾಲಿ ಕಾಲಂಗೆ ಮರಳುತ್ತೇನೆ. 1869ರಲ್ಲಿ ಚಾರ್ಲ್ಸ್ ಮನೆ ಕಟ್ಟಿದ ಕ್ಯಾನ್ಸಸ್‌ನ ಜಾಗ ಒಸೇಜ್ ಜನರಿಗೆಂದು ಉಳಿಸಿದ್ದ ಪ್ರದೇಶದೊಳಗಿತ್ತು. ಅದನ್ನು ವಲಸಿಗರಿಗೆ ತೆರೆದಿರಲಿಲ್ಲ. ನಮ್ಮ ಕಂದಾಯದ ಮಾತಿನಲ್ಲಿ ಹೇಳುವುದಾದರೆ ಅದು ಬಗರ್ ಹುಕುಂ, ಅಪ್ಪಣೆಯಿಲ್ಲದ ಸಾಗುವಳಿ. ನಮ್ಮಲ್ಲಿ ಬಗರ್ ಹುಕುಂ ಎಂದರೆ ಬಹುಪಾಲು ಸರ್ಕಾರಿ ಬೀಳುಭೂಮಿಯಲ್ಲಿ ಬಡವರು ಮಾಡುವ ಉಳುಮೆ. ಅಲ್ಲಿನದು ಜನ ಬದುಕುತ್ತಿದ್ದ ನೆಲ. ಒಸೇಜರು ಬೇಟೆಗೆ ಹೋಗಿ ಮರಳುವಷ್ಟರಲ್ಲಿ ಅವರ ಹೊಲಗಳಲ್ಲಿ ಬೇರೆಯವರು ಗುಡಿಸಲು ಹಾಕಿರುತ್ತಿದ್ದರು. ಅವರ ಕುದುರೆಗಳನ್ನು ಕದಿಯುತ್ತಿದ್ದರು, ಸಮಾಧಿಗಳನ್ನೂ ಅಗೆಯುತ್ತಿದ್ದರು ಎಂದು ಆಗ ಒಸೇಜರಿಗಾಗಿ ಸರ್ಕಾರ ಇಟ್ಟಿದ್ದ ಏಜೆಂಟ್, ಕ್ವೇಕರ್ ಎಂಬ ಕ್ರೈಸ್ತ ಪಂಥದ ಐಸಾಕ್ ಗಿಬ್ಸನ್ ಸರ್ಕಾರಕ್ಕೆ ವರದಿ ಮಾಡಿದ. 1870ರ ಜುಲೈನಲ್ಲಿ ಸಂಸತ್ತು ಕಾಯ್ದೆ ಮಾಡಿತು, ಸೆಪ್ಟೆಂಬರಿನಲ್ಲಿ ಡ್ರಮ್ ಕ್ರೀಕ್ ಬಳಿ ಒಸೇಜರು ಒಪ್ಪಿಗೆ ಕೊಟ್ಟರು, ಎಕರೆಗೆ 1.25 ಡಾಲರಿನಂತೆ ನೆಲ ವಲಸಿಗರ ಪಾಲಾಯಿತು. ಗಣತಿದಾರ ಇಂಗಲ್ಸರ ಬಾಗಿಲಿಗೆ ಬಂದದ್ದು ಈ ಎರಡರ ನಡುವಿನ ಆಗಸ್ಟಿನಲ್ಲಿ. ಅದೇ ತಿಂಗಳ 3ರಂದು ಆ ಮನೆಯಲ್ಲಿ ಕ್ಯಾರಿ ಹುಟ್ಟಿದ್ದಳು. ಮನೆಯಲ್ಲಿ ಎಲ್ಲರೂ ಮಲೇರಿಯಾದಿಂದ ಮಲಗಿದಾಗ ಬಂದು ನೋಡಿದ ಕಪ್ಪುಜನಾಂಗದ ವೈದ್ಯ ಡಾಕ್ಟರ್ ಜಾರ್ಜ್ ಟ್ಯಾನ್ ಅವರ ಹೆಸರೂ ಅದೇ ಗಣತಿಯಲ್ಲಿದೆ.

ಆ ಮನೆ ಎಲ್ಲಿತ್ತು ಎಂಬುದೇ ಬಹುಕಾಲ ತಿಳಿದಿರಲಿಲ್ಲ. ಮೂರು ವರ್ಷದ ಮಗುವಾಗಿದ್ದ ಲಾರಾಳಿಗೆ ನೆನಪಿದ್ದದ್ದು ಅಪ್ಪ ಅಮ್ಮ ಹೇಳಿದ ಕಥೆ. ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ದೂರ ಎಂದು ಅವಳು ಬರೆದಳು. ಆ ಲೆಕ್ಕದಲ್ಲಿ ಮನೆ ಒಕ್ಲಹೋಮಾದಲ್ಲಿ ಇರಬೇಕಾಗುತ್ತದೆ. ಆದರೆ ಕುಟುಂಬದ ಬೈಬಲ್ಲಿನಲ್ಲಿ ಕ್ಯಾರಿಯ ಜನ್ಮಸ್ಥಳ ಮಾಂಟ್‌ಗೊಮರಿ ಕೌಂಟಿ, ಕ್ಯಾನ್ಸಸ್ ಎಂದಿದೆ. 1960ರ ದಶಕದ ಕೊನೆಯಲ್ಲಿ ಸ್ಥಳೀಯ ಸಂಶೋಧಕಿಯೊಬ್ಬರು 1870ರ ಗಣತಿಯನ್ನೂ ನೆರೆಹೊರೆಯವರ ಭೂದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಪಟ್ಟಣದಿಂದ 13 ಮೈಲಿಯಷ್ಟು ದೂರದ ಒಂದು ಹೊಲವನ್ನು ಗುರುತಿಸಿದರು. ಅಲ್ಲಿ ಕೈಯಿಂದ ತೋಡಿದ ಹಳೆಯ ಬಾವಿಯೊಂದಿತ್ತು. ಚಾರ್ಲ್ಸ್ ಜಮೀನಿಗೆ ಅರ್ಜಿ ಹಾಕದೆ ಹೊರಟುಹೋಗಿದ್ದ. ಹಾಗಾಗಿ ಅವನನ್ನು ಕಂಡುಹಿಡಿಯಲು ಉಳಿದವರ ಕಾಗದಗಳೇ ಬೇಕಾದವು.

ಲಾರಾಳ 1935ರ ಕಾದಂಬರಿಯ ಆರಂಭದಲ್ಲಿ ಆ ನಾಡಿನಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ಮಾತಿತ್ತು. ಓದುಗರೊಬ್ಬರು ಆಕ್ಷೇಪಿಸಿ ಬರೆದ ಮೇಲೆ 'ಜನ' ಎಂಬ ಪದವನ್ನು ತೆಗೆದು 'ವಲಸಿಗರು' ಎಂದು ತಿದ್ದಿದರು. ತಪ್ಪಾಯಿತೆಂದು ಲಾರಾ ಒಪ್ಪಿಕೊಂಡಳು. ಅವಳು ಹುಟ್ಟಿದ ಕಾಲದ ಗಣತಿದಾರ, ಅರವತ್ತೈದು ವರ್ಷ ಮೊದಲೇ ಆ ಜನರ ಹೆಸರು ಹಿಡಿದು ಈ ನೆಲ ಇಂಥವರದು ಎಂದು ಬರೆದಿಟ್ಟಿದ್ದ ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ಹಾಳೆಯ ಮೇಲೆ ಗೌರವ ಹೆಚ್ಚುತ್ತದೆ. ನಮ್ಮ ಅಂಗಳದ ಹೆಳವ ಮೂಲಪುರುಷ ಬಂದ ಊರನ್ನು ಹೇಳುತ್ತಿದ್ದ. ಅವನು ಬಂದು ಇಳಿದ ನೆಲದಲ್ಲಿ ಆಗ ಯಾರಿದ್ದರು ಎಂದು ಅಜ್ಜ ಎಂದೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಸೇಜರಿಗೂ ಕಾಗದಗಳಿವೆ. ಸರ್ಕಾರ ಅವರಿಗೆ ಕೊಡುತ್ತಿದ್ದ ವಾರ್ಷಿಕ ಹಣದ ಪಟ್ಟಿಗಳಲ್ಲಿ ಕುಟುಂಬ ಕುಟುಂಬವಾಗಿ ಹೆಸರುಗಳಿವೆ, ಅವರ ಮೊಮ್ಮಕ್ಕಳು ಮರಿಮಕ್ಕಳು ಇಂದು ಅವುಗಳಿಂದಲೇ ತಮ್ಮ ಹಿರಿಯರನ್ನು ಹುಡುಕುತ್ತಾರೆ. ಕ್ಯಾನ್ಸಸ್ ಬಿಟ್ಟು ದಕ್ಷಿಣಕ್ಕೆ ಹೋದ ಅವರು ನೆಲೆಸಿದ ನಾಡಿನ ಮುಖ್ಯ ಊರು ಒಕ್ಲಹೋಮಾದ ಪಾಹಸ್ಕಾ. ಅಲ್ಲಿ 1938ರಿಂದ ಅವರದೇ ವಸ್ತುಸಂಗ್ರಹಾಲಯವಿದೆ. ರಟ್ಲೆಂಡ್ ಟೌನ್‌ಶಿಪ್‌ನ ಬಾವಿಯಿಂದ ಹೊರಟರೆ ಅದು ಕಾರಿನಲ್ಲಿ ಒಂದೂವರೆ ಗಂಟೆಯಷ್ಟೂ ದೂರವಲ್ಲ. ಬರುವ ಜೂನ್ ತಿಂಗಳಿಗೆ ನಾನೂ ಮಗಳೂ ಮೊದಲು ಬಾವಿಗೆ, ಅದೇ ದಿನ ಮಧ್ಯಾಹ್ನ ಪಾಹಸ್ಕಾಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹಾಳೆಯ ಪ್ರತಿಯನ್ನು ಜೊತೆಗೆ ಒಯ್ಯುತ್ತೇವೆ.